ಆ್ಯಪ್ ಮಾರಾಟವಾದಾಗ ನಮ್ಮ ಸಿಟ್ಟಿಗೆ ಬೆಲೆ ಎಷ್ಟು?

ನಮಗೆ ಇಷ್ಟವಾದ ಆ್ಯಪನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು ಅಂದ ಕೂಡಲೇ ನಾವು ಮಾಡೋದು ಹೆಚ್ಚುಕಮ್ಮಿ ಒಂದೇ. ಮೊದಲು ಸಿಟ್ಟು, ಆಮೇಲೆ 'ಡಿಲೀಟ್ ಮಾಡಿದೆ' ಅನ್ನೋ ಸ್ಟೇಟಸ್, ಒಂದೆರಡು ತಿಂಗಳಲ್ಲಿ ಮೌನ. ಬಳಕೆದಾರರಿಗೆ ಬದ್ಧತೆ ಇಲ್ಲ ಅಂತ ಬೈಯೋದು ಸುಲಭ. ನಾನು ಅದನ್ನು ಒಪ್ಪಲ್ಲ. ಬಿಟ್ಟು ಹೋಗೋಕೆ ದಾರಿಯೇ ಇಲ್ಲದಿರುವಾಗ ಸಿಟ್ಟು ಎಷ್ಟು ದಿನ ಬಾಳೀತು?

ಬೆಂಗಳೂರಿನದ್ದೇ ಉದಾಹರಣೆ ತಗೊಳ್ಳಿ. 2011ರಲ್ಲಿ ಅಲ್ಲಿ ಶುರುವಾದ ಟ್ಯಾಕ್ಸಿಫಾರ್‌ಶ್ಯೂರ್ ಅನ್ನು 2015ರ ಮಾರ್ಚ್‌ನಲ್ಲಿ ಓಲಾ ಸುಮಾರು 20 ಕೋಟಿ ಡಾಲರ್‌ಗೆ ಕೊಂಡಿತು. ಎರಡೂ ಬೇರೆ ಬೇರೆಯಾಗೇ ನಡೆಯುತ್ತವೆ ಅಂದಿದ್ದರು. 2016ರ ಆಗಸ್ಟ್‌ನಲ್ಲಿ ಅದನ್ನು ಮುಚ್ಚಿದರು. ಆದರೂ ಓಲಾ ಬೇಡ ಅಂದವರು ಊಬರ್ ಹತ್ತಬಹುದಿತ್ತು. ಟ್ಯಾಕ್ಸಿ ಆ್ಯಪ್ ಬಿಡೋದು ಕಷ್ಟವಲ್ಲ, ಯಾಕಂದ್ರೆ ನಮ್ಮ ಬಂಧುಬಳಗ ಅದರೊಳಗೆ ಇರಲ್ಲ.

ವಾಟ್ಸ್‌ಆ್ಯಪ್ ಕಥೆ ಹಾಗಲ್ಲ. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿದಾಗ, ಬಳಕೆದಾರರ ಪಾಲಿಗೆ ಏನೂ ಬದಲಾಗಲ್ಲ ಅನ್ನೋ ಭರವಸೆ ಸಿಕ್ಕಿತ್ತು. 2016ರಲ್ಲೇ ಫೋನ್ ನಂಬರನ್ನು ಫೇಸ್‌ಬುಕ್ ಜೊತೆ ಹಂಚಿಕೊಳ್ಳೋದು ಶುರುವಾಯ್ತು. 2021ರ ಜನವರಿಯಲ್ಲಿ ಹೊಸ ಪ್ರೈವೆಸಿ ಪಾಲಿಸಿ ಬಂದಾಗ ಜನ ಸಿಗ್ನಲ್‌ಗೆ ಎಷ್ಟು ಮುಗಿಬಿದ್ದರು ಅಂದ್ರೆ ಅದರ ಸರ್ವರ್ರೇ ಕೈಕೊಟ್ಟಿತು. ಕಂಪನಿ ಗಡುವನ್ನು ಫೆಬ್ರವರಿ 8ರಿಂದ ಮೇ 15ಕ್ಕೆ ಮುಂದೂಡಿತೇ ಹೊರತು ಪಾಲಿಸಿ ಕೈಬಿಡಲಿಲ್ಲ. ಇದೇ ಪಾಲಿಸಿಗಾಗಿ ಸ್ಪರ್ಧಾ ಆಯೋಗ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿದ್ದು 2024ರ ನವೆಂಬರ್‌ನಲ್ಲಿ.

ಅಷ್ಟರಲ್ಲಿ ಹೋದವರೆಲ್ಲ ವಾಪಸ್ ಬಂದಾಗಿತ್ತು. ಯಾಕೆ ಅನ್ನೋದು ನಮ್ಮ ಹಗರೆಯಲ್ಲಿ ಕೂತು ನೋಡಿದರೂ ಗೊತ್ತಾಗುತ್ತೆ. ಮಕ್ಕಳ ಶಾಲೆಯ ಗ್ರೂಪ್, ಸಂಘದ ಗ್ರೂಪ್, ಆಲೂಗಡ್ಡೆ, ಶುಂಠಿ ರೇಟು ಬರೋ ಗ್ರೂಪ್, ಎಲ್ಲ ವಾಟ್ಸ್‌ಆ್ಯಪ್‌ನಲ್ಲೇ. ನಾನು ಸಿಗ್ನಲ್‌ಗೆ ಹೋದರೆ ಅಲ್ಲಿ ನಾನೊಬ್ಬನೇ.

ನಂದಿನಿ ವಿಷಯ ಬಂದಾಗ ಇದೇ ಜನ ಬೇರೆ ಥರ ಇದ್ದರು. 2022ರ ಡಿಸೆಂಬರ್ 30ರಂದು ಮಂಡ್ಯದಲ್ಲಿ ಅಮಿತ್ ಶಾ, ಅಮುಲ್ ಮತ್ತು ಕೆಎಂಎಫ್ ಒಟ್ಟಾಗಿ ಕೆಲಸ ಮಾಡಬೇಕು ಅಂದಾಗಲೇ ವಿಲೀನದ ಗುಮಾನಿ ಎದ್ದಿತು. ವಿಲೀನ ಇಲ್ಲ ಅಂತ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸ್ಪಷ್ಟನೆ ಕೊಡಬೇಕಾಯಿತು. ಮುಂದಿನ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತೇನೆ ಅಂದಾಗ ಅದು ಚುನಾವಣೆಯ ವಿಷಯವೇ ಆಯಿತು. ಭಾಷೆಯ ಅಭಿಮಾನವೂ ಇತ್ತು, ಚುನಾವಣೆಯ ಬಿಸಿಯೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಡೇರಿಗೆ ಹಾಲು ಹಾಕುವ ರೈತ ಸಂಘದ ಸದಸ್ಯ. ಅವನಿಗೆ ಓಟಿದೆ. ಅವನನ್ನು ಕೇಳದೆ ನಂದಿನಿಯನ್ನು ಯಾರಿಗೂ ಬರೆದುಕೊಡೋಕೆ ಆಗಲ್ಲ.

ಆ್ಯಪ್ ಬಳಸುವ ನಮಗೆ ಅಂಥ ಓಟಿಲ್ಲ. ಕಾನೂನಾದರೂ ಕೈಹಿಡಿಯುತ್ತಾ? 2019ರ ಡೇಟಾ ಸಂರಕ್ಷಣಾ ಮಸೂದೆಯಲ್ಲಿ ನಮ್ಮ ಡೇಟಾವನ್ನು ಬೇರೆ ಸೇವೆಗೆ ಒಯ್ಯುವ ಹಕ್ಕಿತ್ತು. 2023ರ ಕಾಯ್ದೆಯಲ್ಲಿ ಅದು ಕಾಣೆ. ಅಷ್ಟೇ ಅಲ್ಲ, ನ್ಯಾಯಾಲಯ ಅಥವಾ ನ್ಯಾಯಮಂಡಳಿ ಒಪ್ಪಿದ ಕಂಪನಿ ವಿಲೀನಗಳಿಗೆ ಅದರ 17ನೇ ಸೆಕ್ಷನ್ ಬಳಕೆದಾರರ ಸಮ್ಮತಿಯೂ ಸೇರಿ ಹಲವು ನಿಯಮಗಳಿಂದ ವಿನಾಯಿತಿ ಕೊಟ್ಟಿದೆ.

ಆಗದ ಮಾತೇನಲ್ಲ ಇದು. 2011ರ ಜನವರಿಯಿಂದ ದೇಶದಾದ್ಯಂತ ನಂಬರ್ ಬದಲಿಸದೆ ಸಿಮ್ ಪೋರ್ಟ್ ಮಾಡಿಸ್ತಾ ಇದ್ದೀವಿ. 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದಾಗ ಬೇಡವಾದವರು ಅದೇ ನಂಬರ್ ಇಟ್ಟುಕೊಂಡು ಹೊರಬಂದರು. ಯಾವ ಸಿಮ್‌ನಿಂದ ಯಾವ ಸಿಮ್‌ಗಾದರೂ ಕಾಲ್ ಹೋಗುತ್ತೆ. ಮೆಸೇಜ್ ಯಾಕೆ ಹೋಗಬಾರದು? ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಪ್ರಕಾರ, ಬೇರೆ ಮೆಸೇಜಿಂಗ್ ಸೇವೆಗಳು ಕೇಳಿದರೆ ವಾಟ್ಸ್‌ಆ್ಯಪ್ ಬಾಗಿಲು ತೆರೆಯಲೇಬೇಕು.

ಮುಂದಿನ ಸಲ ಯಾವುದೋ ಆ್ಯಪ್ ಕೈ ಬದಲಾಯಿಸಿದಾಗ ಡಿಲೀಟ್ ಮಾಡಿ, ಬೇಡ ಅನ್ನಲ್ಲ. ಜೊತೆಗೆ ನಿಮ್ಮ ಸಂಸದರಿಗೆ ಒಂದು ಪ್ರಶ್ನೆ ಕೇಳಿ: ಸಿಮ್‌ಗೆ ಇರೋ ಪೋರ್ಟ್ ಆ್ಯಪ್‌ಗೆ ಯಾವಾಗ?