ಕ್ಷಯದ ಮದ್ದು: ಅರ್ಧದಾರಿಯಲ್ಲೇ ನಿಲ್ಲುವ ಹುಡುಕಾಟ

ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಮಣಿಸಿದ ಮೊದಲ ಪ್ರಬಲ ಔಷಧ ಮಣ್ಣಿನಲ್ಲಿ ಬದುಕುವ ಸೂಕ್ಷ್ಮಜೀವಿಯಿಂದ ಬಂತು. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದಲೂ ಕೋಳಿಯೊಂದರ ಗಂಟಲಿನಿಂದಲೂ ಆ ಜೀವಿಯನ್ನು ಬೇರ್ಪಡಿಸಿದರು. ಅದು ಕೊಟ್ಟ ಔಷಧವೇ ಸ್ಟ್ರೆಪ್ಟೊಮೈಸಿನ್. 1957ರಲ್ಲಿ ಮಿಲಾನಿನ ಲೆಪೆಟಿಟ್ ಪ್ರಯೋಗಾಲಯಕ್ಕೆ ಫ್ರಾನ್ಸಿನ ಕರಾವಳಿಯ ಪೈನ್ ಕಾಡಿನ ಮಣ್ಣಿನಲ್ಲಿ ರಿಫಾಮೈಸಿನ್ ಸಿಕ್ಕಿತು. ಅದನ್ನು ತಿದ್ದಿ ರೂಪಿಸಿದ ರಿಫಾಂಪಿಸಿನ್ ಇಂದಿಗೂ ಆರು ತಿಂಗಳ ಚಿಕಿತ್ಸೆಯ ಬೆನ್ನೆಲುಬು.

2018ರಲ್ಲಿ ಭಾರತ 2025ರೊಳಗೆ ಕ್ಷಯವನ್ನು ನಿರ್ಮೂಲ ಮಾಡುವುದಾಗಿ ಘೋಷಿಸಿತು. 2023ರಲ್ಲೂ ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಇಲ್ಲಿಯವರೇ. ಇಷ್ಟು ದೊಡ್ಡ ಹೊರೆ ಹೊತ್ತ ದೇಶ ನಿಸರ್ಗದಲ್ಲಿ ಹೊಸ ಔಷಧ ಹುಡುಕುವ ಕೆಲಸವನ್ನು ಬಿಡಿ ಪ್ರಬಂಧಗಳಿಗೆ ಒಪ್ಪಿಸಿ ಕೂತಿರುವುದು ಒಪ್ಪತಕ್ಕದ್ದಲ್ಲ.

ಆ ಪ್ರಬಂಧಗಳ ದಾರಿ ಹೆಚ್ಚುಕಡಿಮೆ ಒಂದೇ. ಗಿಡವೊಂದರ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ಆವಿಯಾಗಿಸಿ ಉಳಿದ ಅಂಟನ್ನು ಪರೀಕ್ಷೆಗೆ ಒಡ್ಡುತ್ತಾರೆ. ಕ್ಷಯದ ಬ್ಯಾಕ್ಟೀರಿಯಾ ಇಮ್ಮಡಿಯಾಗಲು ಸುಮಾರು 20 ಗಂಟೆ ಬೇಕು. ಅದನ್ನು ಬೆಳೆಸಲು ಗಾಳಿಯ ಒತ್ತಡ ನಿಯಂತ್ರಿಸಿದ, ದುಬಾರಿಯಾದ ಸುರಕ್ಷಿತ ಪ್ರಯೋಗಾಲಯವೂ ಬೇಕು. ಆದ್ದರಿಂದ ಎಷ್ಟೋ ಕಡೆ ಅದರ ನಿರುಪದ್ರವಿ ಸಂಬಂಧಿ, ಬೇಗ ಬೆಳೆಯುವ ಸ್ಮೆಗ್ಮಾಟಿಸ್ ಮೇಲೆ ಪರೀಕ್ಷೆ ಮುಗಿಯುತ್ತದೆ. ಮಿಲಿಲೀಟರಿಗೆ ನೂರಾರು ಮೈಕ್ರೋಗ್ರಾಂ ಸಾರ ಸುರಿದಾಗ ಬೆಳವಣಿಗೆ ನಿಂತರೆ ಗಿಡಕ್ಕೆ ಕ್ಷಯ ನಿರೋಧಕ ಗುಣವಿದೆ ಎಂಬ ತೀರ್ಮಾನ ಹೊರಬೀಳುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ನಿಜವಾದ ಕ್ಷಯ ಬ್ಯಾಕ್ಟೀರಿಯಾದ ಮೇಲೆ ಅದೇ ಕೆಲಸವನ್ನು ಒಂದು ಮೈಕ್ರೋಗ್ರಾಂಗಿಂತ ಎಷ್ಟೋ ಕಡಿಮೆಯಲ್ಲಿ ಮಾಡುತ್ತದೆ. ಸಾರದೊಳಗಿನ ಯಾವ ಅಣು ಕೆಲಸ ಮಾಡಿತು, ಅದು ಮನುಷ್ಯನ ಜೀವಕೋಶಕ್ಕೆ ವಿಷವೇ, ಶ್ವಾಸಕೋಶದ ಗಂಟಿನೊಳಗೆ ತಲುಪುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ವಿರಳ. ಆಡುಸೋಗೆ, ಬೆಳ್ಳುಳ್ಳಿಯಂಥ ಗಿಡಗಳ ಹೆಸರು ಕ್ಷಯದ ಮನೆಮದ್ದಾಗಿ ಹರಡುವುದು ಇಂಥ ಅರೆಬರೆ ಫಲಿತಾಂಶಗಳ ಬಲದಿಂದಲೂ ಹೌದು. ಅದನ್ನು ನಂಬಿ ಮಾತ್ರೆ ಬಿಟ್ಟ ರೋಗಿಯ ಸೋಂಕು ಮನೆಮಂದಿಗೂ ಹರಡಬಹುದು.

ನೈಸರ್ಗಿಕವಾದದ್ದು ನಿರಪಾಯಕಾರಿ ಎಂಬ ಮಾತಿಗಂತೂ ಕ್ಷಯದ ಚರಿತ್ರೆಯಲ್ಲಿ ಆಧಾರವೇ ಇಲ್ಲ. ಮಣ್ಣಿನ ಜೀವಿಗಳೇ ಕೊಟ್ಟ ಸ್ಟ್ರೆಪ್ಟೊಮೈಸಿನ್, ಕನಾಮೈಸಿನ್ ಚುಚ್ಚುಮದ್ದುಗಳಿಂದ ಅನೇಕ ರೋಗಿಗಳು ಶಾಶ್ವತವಾಗಿ ಶ್ರವಣಶಕ್ತಿ ಕಳೆದುಕೊಂಡರು. ಔಷಧ ನಿರೋಧಕ ಕ್ಷಯಕ್ಕೆ ಕನಾಮೈಸಿನ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2018ರಲ್ಲಿ.

ಪೂರ್ತಿ ದಾರಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ಕರಿಮೆಣಸು ಸಾಕ್ಷಿ. ಮೆಣಸಿನ ಪಿಪರೀನ್ ರಿಫಾಂಪಿಸಿನ್ ರಕ್ತದಲ್ಲಿ ಹೆಚ್ಚು ಸಿಗುವಂತೆ ಮಾಡುತ್ತದೆ ಎಂಬುದನ್ನು ಜಮ್ಮುವಿನ ಸಿಎಸ್‌ಐಆರ್ ಪ್ರಯೋಗಾಲಯ ಅಳೆದು ತೋರಿಸಿತು. ಅದು ಕ್ಯಾಡಿಲಾ ಫಾರ್ಮಾಸ್ಯುಟಿಕಲ್ಸ್ ಜೊತೆ ಸೇರಿ ರೂಪಿಸಿದ ರಿಸೋರಿನ್ ಎಂಬ ಔಷಧ 2009ರಲ್ಲಿ ಹೊರಬಂತು. ಅದರಲ್ಲಿ ರಿಫಾಂಪಿಸಿನ್ ಪ್ರಮಾಣ 450 ಮಿಲಿಗ್ರಾಂನಿಂದ 200ಕ್ಕೆ ಇಳಿಯಿತು. ಮೆಣಸಿನ ಸಾರು ಕುಡಿದರೆ ಕ್ಷಯ ಗುಣವಾಗುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಒಂದು ಅಣುವನ್ನು ಗುರುತಿಸಿ, ಪ್ರಮಾಣ ನಿಗದಿಪಡಿಸಿ, ಮನುಷ್ಯರಲ್ಲಿ ಪರೀಕ್ಷಿಸಿದ್ದರಿಂದಲೇ ಅದು ಔಷಧವಾಯಿತು.

ನಿಸರ್ಗದ ಕಣಜ ಬರಿದಾಯಿತು ಎನ್ನುವವರ ವಾದವೂ ನಿಲ್ಲುವುದಿಲ್ಲ. 1953ರಲ್ಲಿ ಜಪಾನಿನಲ್ಲಿ ಸಿಕ್ಕ ಪಿರಿಡೋಮೈಸಿನ್ ದಶಕಗಳ ಕಾಲ ಮೂಲೆಗುಂಪಾಗಿತ್ತು. ಐಸೋನಿಯಾಜಿಡ್ ತಡೆಯುವ ಕಿಣ್ವವನ್ನೇ ಅದು ಬೇರೆ ಬಗೆಯಲ್ಲಿ ತಡೆಯುತ್ತದೆ, ಐಸೋನಿಯಾಜಿಡ್‌ಗೆ ಬಗ್ಗದ ಎಷ್ಟೋ ತಳಿಗಳ ಮೇಲೂ ಕೆಲಸ ಮಾಡುತ್ತದೆ ಎಂದು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. 1960ರ ದಶಕದಲ್ಲಿ ಸಿಕ್ಕು ಆಮೇಲೆ ಕೈಬಿಟ್ಟಿದ್ದ ಗ್ರಿಸೆಲಿಮೈಸಿನ್‌ನ ತಿದ್ದಿದ ರೂಪ 2015ರಲ್ಲಿ ಇಲಿಗಳಲ್ಲಿ ಫಲ ಕೊಟ್ಟಿತು. ಹಳೆಯ ಕಪಾಟಿನಲ್ಲೇ ಇಷ್ಟಿರುವಾಗ ಪಶ್ಚಿಮ ಘಟ್ಟದ ಮಣ್ಣನ್ನು ಕ್ರಮಬದ್ಧವಾಗಿ ಸೋಸದಿರುವುದಕ್ಕೆ ಸಬೂಬಿಲ್ಲ.

ಕಂಪನಿಗಳನ್ನು ನೆಚ್ಚಿ ಈ ಕೆಲಸ ನಡೆಯದು. ಬೆಂಗಳೂರಿನ ಹೆಬ್ಬಾಳದಲ್ಲಿ ಕ್ಷಯದ ಔಷಧಕ್ಕಾಗಿ ದುಡಿಯುತ್ತಿದ್ದ ಆಸ್ಟ್ರಾಜೆನೆಕಾ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ ಕಂಪನಿ 2014ರಲ್ಲಿ ಪ್ರಕಟಿಸಿತು. ಬಡವರ ಕಾಯಿಲೆಯಲ್ಲಿ ಲಾಭ ಕಡಿಮೆ. 2022ರಲ್ಲಿ ಜಗತ್ತಿನಾದ್ಯಂತ ಕ್ಷಯದ ಸಂಶೋಧನೆಗೆ ಖರ್ಚಾದದ್ದು ಸುಮಾರು 100 ಕೋಟಿ ಡಾಲರ್. ಮರುವರ್ಷ ವಿಶ್ವಸಂಸ್ಥೆಯ ಸಭೆ 2027ರ ಹೊತ್ತಿಗೆ ಅದನ್ನು ವರ್ಷಕ್ಕೆ 500 ಕೋಟಿಗೆ ಏರಿಸುವ ಗುರಿ ಇಟ್ಟಿತು. ಹಾಗಾಗಿ ಸರ್ಕಾರದ ಹಣವೇ ಇಲ್ಲಿ ದಿಕ್ಕು. ಆ ಹಣ ಮಣ್ಣಿನ ಮಾದರಿಗಳ ಭಂಡಾರಕ್ಕೆ, ನಿಜವಾದ ಕ್ಷಯ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸುವ ಸುರಕ್ಷಿತ ಪ್ರಯೋಗಾಲಯಗಳಿಗೆ, ಅಣುವನ್ನು ತಿದ್ದುವ ರಸಾಯನಜ್ಞರಿಗೆ, ಕೊನೆಗೆ ರೋಗಿಗಳ ಮೇಲಿನ ಪರೀಕ್ಷೆಗಳಿಗೆ ತಡೆಯಿಲ್ಲದೆ ಹರಿಯಬೇಕು. ಗಿಡದ ಗುರುತು ಕೊಟ್ಟ ನಾಟಿ ವೈದ್ಯರ ಪಾಲು ಮಾದರಿ ಕೀಳುವ ಮೊದಲೇ ಕರಾರಿನಲ್ಲಿ ಬರೆದಿರಬೇಕು. ಸಾರ್ವಜನಿಕ ಹಣದಿಂದ ಸಿಕ್ಕ ಔಷಧದ ಪೇಟೆಂಟ್ ಯಾವ ಒಂದು ಕಂಪನಿಯ ಸೊತ್ತೂ ಆಗಕೂಡದು.