28 ದಿನಗಳ ಮದ್ದು ಯಾರ ಮಕ್ಕಳಿಗೆ?

ಹೆಗ್ಗನಹಳ್ಳಿಯ ವಠಾರಗಳಲ್ಲಿ ಮಕ್ಕಳ ಕೆಮ್ಮು ಹೊಸ ಸುದ್ದಿಯಲ್ಲ. ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಂದೆ, ಗಾರ್ಮೆಂಟ್ಸಿಗೆ ಹೊರಟು ನಿಂತ ತಾಯಿ, ಇಬ್ಬರೂ ಅದನ್ನು ಧೂಳಿನ ಕೆಮ್ಮೆಂದೇ ತಿಳಿಯುತ್ತಾರೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಮೇಲಿಂದ ಮೇಲೆ ನ್ಯುಮೋನಿಯ ಆಗುವ, ಎಷ್ಟು ಉಂಡರೂ ಮೈ ಹತ್ತದ, ಜಿಡ್ಡುಜಿಡ್ಡಾಗಿ ಭೇದಿಯಾಗುವ, ಮುತ್ತಿಟ್ಟರೆ ತಾಯಿಯ ತುಟಿಗೆ ಉಪ್ಪು ಹತ್ತುವ ಮಗುವಿನ ಕೆಮ್ಮು ಬೇರೆ. ಅದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗವಿರಬಹುದು. ಇದರಲ್ಲಿ ಶ್ವಾಸನಾಳದ ಲೋಳೆ ಗೋಂದಿನಂತೆ ಗಟ್ಟಿಯಾಗುತ್ತದೆ. ಇದು ಬಿಳಿಯರ ರೋಗ, ನಮ್ಮಲ್ಲಿಲ್ಲ ಎಂಬ ನಂಬಿಕೆ ನಮ್ಮ ವೈದ್ಯರಲ್ಲೂ ಬಹುಕಾಲ ಇತ್ತು. ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ ಪ್ರಸಂಗಗಳೂ ಈ ದೇಶದಲ್ಲಿ ಉಂಟು.

ಆ ಗೋಂದಿನೊಳಗೆ ಸ್ಯೂಡೋಮೊನಾಸ್ ಎಂಬ ಕ್ರಿಮಿ ಬಂದು ಸೇರುತ್ತದೆ. ಹೊಸದರಲ್ಲಿ ಅದನ್ನು ಓಡಿಸಬಹುದು. ನೆಲೆಯೂರಿ ತನ್ನ ಸುತ್ತ ಲೋಳೆಯ ಕೋಟೆ ಕಟ್ಟಿಕೊಂಡಿತೆಂದರೆ ಪೂರ್ತಿಯಾಗಿ ಕಿತ್ತುಹಾಕುವುದು ದುಸ್ಸಾಧ್ಯ. ವರ್ಷ ವರ್ಷವೂ ಶ್ವಾಸಕೋಶವನ್ನು ತಿನ್ನುತ್ತ ಹೋಗುತ್ತದೆ. ಮೊದಲಲ್ಲೇ ಮದ್ದು ಕೊಟ್ಟರೆ ಈ ಗತಿಯನ್ನು ತಡೆಯಬಹುದೆಂದು ಡೆನ್ಮಾರ್ಕಿನ ವೈದ್ಯರು 1991ರಲ್ಲಿಯೇ ತೋರಿಸಿಕೊಟ್ಟರು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಟೋಬ್ರಾಮೈಸಿನ್ ಔಷಧವನ್ನು 28 ದಿನ ಉಸಿರಿನ ಮೂಲಕ ಕೊಟ್ಟು ನಿಲ್ಲಿಸಿದರು. ತಿಂಗಳ ಮೇಲೆ ನೋಡಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಕ್ರಿಮಿ ಇರಲಿಲ್ಲ. 56 ದಿನ ಕೊಟ್ಟವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ.

ತೊಡಕಿರುವುದು ಪತ್ತೆ ಮಾಡುವುದರಲ್ಲಿ. ಕ್ರಿಮಿ ಬಂದ ಹೊಸದರಲ್ಲಿ ಜ್ವರ ಕಾಣದಿರಬಹುದು. ಚಿಕ್ಕ ಮಗುವಿಗೆ ಕಫ ಉಗುಳಲು ಬಾರದು. ಆದ್ದರಿಂದ ಮೂರು ತಿಂಗಳಿಗೊಮ್ಮೆಯಾದರೂ ಕೆಮ್ಮಿಸಿ, ಗಂಟಲಿನ ಮಾದರಿ ತೆಗೆದು ನೋಡಬೇಕು. ಎಂದರೆ ವರ್ಷಕ್ಕೆ ನಾಲ್ಕು ದಿನದ ಹಾಜರಿ ಹೋಯಿತು. ನೆಬ್ಯುಲೈಸರಿಗೆ ದುಡ್ಡು ಬೇಕು. ದಿನವೂ ಬೆನ್ನು ತಟ್ಟಿ ಕಫ ಸಡಿಲಿಸಲು ಮನೆಯಲ್ಲೊಬ್ಬರು ಬೇಕು. ಚಿಲ್ಲರೆ ಅಂಗಡಿಯವನು ಬಾಗಿಲು ಹಾಕಿದರೆ ಆ ದಿನದ ವ್ಯಾಪಾರವೇ ಇಲ್ಲ.

2019ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಟ್ರೈಕಾಫ್ಟ ಎಂಬ ಮಾತ್ರೆಗೆ ಕಂಪೆನಿ ಇಟ್ಟ ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಮೇಲೆ. ಈ ಪೇಟೆಂಟ್ ಸುಲಿಗೆಯ ವಿರುದ್ಧ ದನಿಯೆತ್ತಲೇಬೇಕು. ಆದರೆ ರೋಗ ಗುರುತಿಸುವ ಬೆವರು ಪರೀಕ್ಷೆ 1959ರಷ್ಟು ಹಳೆಯದು. ಮುಂಗೈಗೆ ಸಣ್ಣ ವಿದ್ಯುತ್ತು ಹರಿಸಿ ಬೆವರು ಬರಿಸಿ, ಅದರ ಉಪ್ಪನ್ನು ಅಳೆಯುವುದಷ್ಟೆ. ಇದಕ್ಕೆ ಯಾವ ಸಾಹುಕಾರನ ಅಪ್ಪಣೆ ಬೇಕು? ಕೇಂದ್ರ ಸರ್ಕಾರದ 2021ರ ಅಪರೂಪ ರೋಗಗಳ ನೀತಿಯಲ್ಲಿ ಈ ರೋಗದ ಹೆಸರೂ ಇದೆ. ಪತ್ತೆಯೇ ಆಗದ ಮಗುವಿಗೆ ಆ ನೀತಿಯಿಂದ ಬಂದ ಭಾಗ್ಯವೇನು?

2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಕಾರ್ಮಿಕನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಇ.ಎಸ್.ಐ.ಗೆ ಮುರಿಯುತ್ತಾರೆ, ಮಾಲೀಕನ ಪಾಲು ಮೂರೂಕಾಲು. ಇದು ಭಿಕ್ಷೆಯಲ್ಲ, ನಮ್ಮದೇ ಹಣ. ಎರಡನೆಯ ಸಲ ನ್ಯುಮೋನಿಯದಿಂದ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಬರುವ ಮಗುವಿನಲ್ಲಿ ಈ ಲಕ್ಷಣಗಳಿದ್ದರೆ ಬೆವರು ಪರೀಕ್ಷೆ ಕಡ್ಡಾಯವಾಗಲಿ, 28 ದಿನದ ಮದ್ದು ಚೀಟಿ ಬರೆದು ಹೊರಗೆ ಕಳಿಸದೆ ಅಲ್ಲಿಯೇ ಸಿಗಲಿ. ಇ.ಎಸ್.ಐ. ಇಲ್ಲದ ತಳ್ಳುಗಾಡಿಯವರ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಏರ್ಪಾಡಾಗಲಿ. ಮುಂದಿನ ಬೇಡಿಕೆಪಟ್ಟಿ ಬರೆಯುವಾಗ ತುಟ್ಟಿಭತ್ಯದ ಕೆಳಗೆ ಈ ಸಾಲನ್ನೂ ಸೇರಿಸಬೇಕೆಂದು ಕಾರ್ಮಿಕ ಸಂಘಗಳನ್ನು ಕೋರುತ್ತೇವೆ.