ಕಡಲಿಗೂ ರಜೆ ಉಂಟು

ಗುರುಗ್ರಾಮದಲ್ಲಿ ಬೆಳೆದ ನಮ್ಮ ಕನ್ನಡದ ಹುಡುಗ ಹುಡುಗಿಯರನ್ನು ‘ಊರಿಗೆ ಹೋದರೆ ಏನು ತಿನ್ನುತ್ತೀರಿ?’ ಎಂದು ಕೇಳಿ ನೋಡಿ. ಅಜ್ಜಿಮನೆ ಮಂಗಳೂರು, ಉಡುಪಿ, ಕುಂದಾಪುರ, ಕಾರವಾರದ ಕಡೆಯದಾಗಿದ್ದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: ‘ಫ್ರೆಶ್ ಫಿಶ್, ಆಂಟಿ!’ ಯಾವ ಫಿಶ್ ಎಂದು ಕೇಳಿದರೆ ಪಾಂಫ್ರೆಟ್, ಸುರಮಾಯಿ, ಪ್ರಾನ್ಸ್ ಎಂದು ಮೂರು ಹೆಸರು ಬರುತ್ತವೆ. ಅಲ್ಲಿಗೆ ಪಟ್ಟಿ ಮುಗಿಯಿತು. ಇಲ್ಲಿ ಮೊಬೈಲಿನಲ್ಲಿ ಒತ್ತಿದರೆ ಮುಳ್ಳು ತೆಗೆದು, ತುಂಡು ಮಾಡಿ, ಡಬ್ಬಿಯಲ್ಲಿ ಮನೆಗೆ ಬರುವ ಮೀನುಗಳೂ ಹೆಚ್ಚು ಕಡಿಮೆ ಇವೇ. ಜೊತೆಗೆ ವಿಯೆಟ್ನಾಮಿನಿಂದ ಬರುವ ಬಾಸಾ ಇರುತ್ತದೆ. ಹಾಗಾದರೆ ಎರಡು ಸಾವಿರ ಕಿಲೋಮೀಟರ್ ಪ್ರಯಾಣ ಮಾಡಿ ಅಲ್ಲಿಯೂ ಇದನ್ನೇ ತಿನ್ನುವುದಾದರೆ ಊರಿಗೆ ಹೋಗಿ ಬಂದ ಲಾಭವೇನು?

ಈ ಸಲ ಅಂಕಣದಲ್ಲಿ ತಾಜಾ ಮೀನಿನ ವಿಷಯ ಬರೆಯುತ್ತಿದ್ದೇನೆ. ಸಸ್ಯಾಹಾರಿ ಮನೆಗಳ ಓದುಗರು ದಯವಿಟ್ಟು ಪುಟ ಮಗುಚಬೇಡಿ. ಇದರಲ್ಲಿ ಒಗ್ಗರಣೆಗಿಂತ ಕಡಲಿನ ಮಾತೇ ಹೆಚ್ಚು.

ಮೊದಲು ಒಂದು ತಮಾಷೆಯ ಸಂಗತಿ. ನಮ್ಮ ಹರಿಯಾಣದ ಮಕ್ಕಳಿಗೆ ಬೇಸಿಗೆ ರಜೆ ಬರುವುದು ಮೇ ಕೊನೆಯಲ್ಲಿ ಮತ್ತು ಜೂನ್ ತಿಂಗಳಲ್ಲಿ. ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ, ಕೊಂಕಣ ರೈಲು ಮಾರ್ಗದ ಸುರಂಗಗಳನ್ನೆಲ್ಲ ದಾಟಿ ಊರಲ್ಲಿ ಇಳಿಯುವಾಗ ಅಲ್ಲಿ ಜಡಿಮಳೆ. ಆಗ ಕಡಲಿಗೂ ರಜೆ! ಕರ್ನಾಟಕವೂ ಸೇರಿದಂತೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ಸುಮ್ಮನೆ ನಿಂತಿರುತ್ತವೆ. ಸಣ್ಣ ನಾಡದೋಣಿಯವರಿಗೆ ಮಾತ್ರ ವಿನಾಯಿತಿ ಉಂಟು. ಅವರೂ ಕಡಲು ಒಪ್ಪಿದ ದಿನ ಮಾತ್ರ ಹೋಗಬಲ್ಲರು.

ಈ ರಜೆ ಯಾಕೆ? ಅಪಾಯದ ಅಲೆಗಳದ್ದು ಒಂದು ಕಾರಣ. ಇನ್ನೊಂದು ಕಾರಣ ಕಡಲೊಳಗಿನದು. ಮುಂಗಾರು ಗಾಳಿ ಬೀಸಿದಾಗ ತೀರದ ಮೇಲ್ನೀರು ಆಚೆ ಸರಿಯುತ್ತದೆ, ಆ ಜಾಗಕ್ಕೆ ತಳದ ತಣ್ಣನೆಯ, ಸತ್ವಭರಿತ ನೀರು ಮೇಲೇರುತ್ತದೆ. ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ನೀರಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಅದೇ ಭೂತಾಯಿಯಂಥ ಮೀನುಗಳಿಗೆ ಹಬ್ಬದೂಟ. ಅವು ಮೊಟ್ಟೆಯಿಡುವ ಕಾಲವೂ ಅದೇ. ಬಾಣಂತಿಯ ಮನೆಗೆ ನುಗ್ಗಬಾರದು ಎಂಬ ನಮ್ಮ ಹಿರಿಯರ ಸೂಕ್ಷ್ಮವೇ ಇಲ್ಲಿ ಕಾನೂನಾಗಿದೆ ಎಂದುಕೊಳ್ಳಿ. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಮೀನುಗಾರರು ಸಮುದ್ರಪೂಜೆ ಮಾಡಿ ಹಾಲೆರೆಯುತ್ತಾರಲ್ಲ, ಅದು ಈ ರಜೆ ಮುಗಿದ ಸಂಭ್ರಮವೂ ಹೌದು.

ಹಾಗಿದ್ದರೂ ಜೂನ್ ತಿಂಗಳಲ್ಲಿ ಹೋಟೆಲಿಗೆ ಹೋಗಿ ಅಂಜಲ್ ಫ್ರೈ ಕೇಳಿದರೆ ತಟ್ಟೆಗೆ ಬರುತ್ತದೆ. ಎಲ್ಲಿಂದ ಬಂತು? ಒಂದೋ ಶೀತಲಗೃಹದಿಂದ, ಇಲ್ಲವೇ ಲಾರಿಯಲ್ಲಿ ದೂರದೂರಿನಿಂದ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅದು ಮುಗಿದೊಡನೆ ಅಲ್ಲಿಯ ಮೀನು ಐಸಿನಲ್ಲಿ ಹೂತು ಈ ಕಡೆ ಬರುತ್ತದೆ. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ‘ಈಗಷ್ಟೇ ಕಡಲಿನಿಂದ ಬಂದದ್ದು’ ಎಂದು ನಂಬಿ ದುಪ್ಪಟ್ಟು ಬೆಲೆ ಕೊಡುವುದು ಬೇಡ. 2018ರ ಜೂನ್‌ನಲ್ಲಿ ಕೇರಳದ ಗಡಿ ತನಿಖಾ ಠಾಣೆಗಳಲ್ಲಿ ಫಾರ್ಮಾಲಿನ್ ಬೆರೆಸಿದ ಮೀನು ಸಾವಿರಾರು ಕಿಲೋ ಸಿಕ್ಕಿದ್ದು, ಮರುತಿಂಗಳೇ ಗೋವಾ ಸರಕಾರ ಹೊರಗಿನ ಮೀನನ್ನು ಕೆಲವು ದಿನ ತಡೆದದ್ದು ಇಂಥ ಮಳೆಗಾಲದಲ್ಲೇ. ಬೇಡಿಕೆ ತಗ್ಗದಿದ್ದಾಗ ದೂರದ ಮಾಲಿಗೆ ಮೋಸದ ದಾರಿ ತೆರೆಯುತ್ತದೆ.

ಹಾಗಾದರೆ ಮಳೆಗಾಲದಲ್ಲಿ ಕರಾವಳಿಯವರು ಉಪವಾಸವೇ? ಎಲ್ಲಾದರೂ ಉಂಟೇ! ಬೇಸಿಗೆಯ ಬಿಸಿಲಲ್ಲಿ ಒಣಗಿಸಿಟ್ಟ ಮೀನು ಹೊರಗೆ ಬರುವುದು ಆಗಲೇ. ಒಣ ಸಿಗಡಿಯ ಚಟ್ನಿ ಮತ್ತು ಕುಚಲಕ್ಕಿ ಗಂಜಿ ಇದ್ದರೆ ಹೊರಗೆ ಮಳೆ ಎಷ್ಟು ಹೊಯ್ದರೇನು? ಹೊಳೆಮೀನು, ಏಡಿ ಇರುತ್ತವೆ. ನಾಡದೋಣಿಯವರು ತಂದ ನಾಲ್ಕು ಮೀನು ಸಿಕ್ಕಿದರೆ ಅದು ಹಬ್ಬ. ಜೂನ್‌ನಲ್ಲಿ ಹೋದವರು ಜೂನ್‌ನದ್ದನ್ನೇ ತಿನ್ನಿ. ಕಡಲಮೀನಿನ ಸುಖ ಬೇಕಾದರೆ ದಸರಾ ರಜೆಗೋ ಡಿಸೆಂಬರ್ ರಜೆಗೋ ಹೋಗಿ. ಆ ಹೊತ್ತಿಗೆ ಬಂಗುಡೆ, ಭೂತಾಯಿಗಳು ಮೈಗೂಡಿಕೊಂಡು ಎಣ್ಣೆ ಕಟ್ಟಿರುತ್ತವೆ.

ಇನ್ನು ಕೊಳ್ಳುವ ಬಗೆ. ಉಡುಪಿಯಲ್ಲಾಗಲಿ ಕಾರವಾರದಲ್ಲಾಗಲಿ ಮಾರುಕಟ್ಟೆಯಲ್ಲಿ ಮೀನಿನ ಬುಟ್ಟಿ ಮುಂದಿಟ್ಟು ಕುಳಿತವರು ಹೆಂಗಸರು. ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮನೆತನಗಳ ಈ ಹೆಂಗಸರು ನಸುಕಿನಲ್ಲೇ ಬಂದರಿಗೆ ಹೋಗಿ ಹರಾಜಿನಲ್ಲಿ ಕೂಗಿ ಮೀನು ಹಿಡಿದು, ಹೊತ್ತು ತಂದು ಮಾರುತ್ತಾರೆ. ಅವರ ಮುಂದೆ ನಿಂತು ‘ಪಾಂಫ್ರೆಟ್ ಇದೆಯಾ?’ ಎಂದು ಕೇಳಬೇಡಿ. ‘ಇವತ್ತು ಏನು ಬಂದಿದೆ?’ ಎಂದು ಕೇಳಿ. ಮಂಗಳೂರಿನಲ್ಲಾದರೆ ತುಳುವಿನಲ್ಲಿ ‘ಇನಿ ದಾದ ಮೀನ್ ಉಂಡು?’ ಅನ್ನಿ. ಉಚ್ಚಾರ ತಪ್ಪಿದರೆ ಅವರು ನಗುತ್ತಾರೆ, ನಕ್ಕ ಮೇಲೆ ಒಳ್ಳೆಯ ಮೀನನ್ನೇ ತೋರಿಸುತ್ತಾರೆ.

ಹೆಸರುಗಳನ್ನು ಸ್ವಲ್ಪ ಕಲಿಯಿರಿ. ನೀವು ಸುರಮಾಯಿ ಎನ್ನುವುದು ತುಳುನಾಡಿನಲ್ಲಿ ಅಂಜಲ್. ಪಾಂಫ್ರೆಟ್ಟಿಗೆ ಮಾಂಜಿ ಎಂಬ ಹೆಸರುಂಟು. ಸಿಗಡಿ ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗ್ಟಾಂ. ಭೂತಾಯಿಯನ್ನು ಕುಂದಾಪುರದ ಕಡೆ ಬೈಗೆ ಎನ್ನುತ್ತಾರೆ, ಕೊಂಕಣಿಯಲ್ಲಿ ತಾರ್ಲೆ, ಮಲಯಾಳದಲ್ಲಿ ಮತ್ತಿ. ಮೆನು ಕಾರ್ಡಿನಲ್ಲಿ ‘ಲೇಡಿಫಿಶ್’ ಎಂದು ಕಾಣುವುದು ನಮ್ಮ ಕಾಣೆ ಮೀನು. ಇಂಗ್ಲಿಷ್ ಪುಸ್ತಕಗಳಲ್ಲಿ ಲೇಡಿಫಿಶ್ ಎಂದರೆ ಬೇರೆಯೇ ಒಂದು ಮೀನು! ಆದ್ದರಿಂದ ಕಾಣೆಯನ್ನು ಕಾಣೆ ಎಂದೇ ಕರೆದರೆ ಕ್ಷೇಮ.

ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಗುಳಿಬಿದ್ದು ಮಸುಕಾಗಿದ್ದರೆ ಬೇಡ. ಕಿವಿರು ಎತ್ತಿ ನೋಡಿದರೆ ಕೆಂಪಗಿರಬೇಕು. ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಮೂಗಿಗೆ ಕಡಲ ವಾಸನೆ ಬರಬೇಕೇ ವಿನಾ ಮೂಗು ಮುಚ್ಚುವಂಥದ್ದಲ್ಲ. ಭೂತಾಯಿಯ ಹೊಟ್ಟೆ ಬೇಗ ಒಡೆಯುತ್ತದೆ, ಒಡೆಯದ್ದನ್ನು ಆರಿಸಿ. ಸಿಗಡಿಯ ತಲೆ ಬಿಗಿಯಾಗಿ ಅಂಟಿಕೊಂಡಿರಬೇಕು. ಮರುವಾಯಿಯ ಚಿಪ್ಪು ಬಾಯ್ದೆರೆದಿದ್ದರೆ ತಟ್ಟಿ ನೋಡಿ, ಮುಚ್ಚಿಕೊಂಡರೆ ಜೀವವಿದೆ. ಬಂಗುಡೆಯನ್ನು ಕೊಂಡು ಕಾರಿನಲ್ಲಿಟ್ಟು ಊರು ಸುತ್ತಬೇಡಿ. ಸೆಕೆಯಲ್ಲಿ ಹೊತ್ತು ಕಳೆದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮೈ ಕೆಂಪಾಗಿ ತುರಿಕೆ, ತಲೆನೋವು ಬರಬಹುದು. ಐಸ್ ಇರುವ ಡಬ್ಬಿ ಒಯ್ಯಿರಿ.

ಗಾತ್ರವನ್ನೂ ನೋಡಿ. ಕೇರಳ ಸರಕಾರ 2015ರಲ್ಲಿ 14 ಜಾತಿಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿತು: ಬಂಗುಡೆಗೆ 14 ಸೆಂಟಿಮೀಟರ್, ಭೂತಾಯಿಗೆ 10. ಅದಕ್ಕಿಂತ ಚಿಕ್ಕವು ಮರಿಗಳು. ಮರಿಗಳನ್ನೇ ಬಳಿದು ತಂದರೆ ಏನಾಗುತ್ತದೆ? ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಭೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿದಿತ್ತು. ಎಲ್ ನಿನೋ ಕಾಲದ ಕಡಲಿನ ಬಿಸಿ ಮತ್ತು ಮಿತಿಮೀರಿದ ಬಲೆ, ಎರಡೂ ಸೇರಿ ಆದ ಹಾನಿ ಅದು. ಮುಂದಿನ ವರ್ಷಗಳಲ್ಲಿ ಅದು ಮತ್ತೆ ಲಕ್ಷ ಟನ್ ದಾಟಿತು ಎನ್ನುವುದು ಸಮಾಧಾನದ ಮಾತು. ಕಡಲಿಗೆ ರಾಜ್ಯದ ಗಡಿಯಿಲ್ಲ. ಅಲ್ಲಿಯ ಭೂತಾಯಿಯೇ ಇಲ್ಲಿಯದ್ದೂ.

ಭೂತಾಯಿ ಬಡವರ ಮೀನು. ಶ್ರೀಮಂತರ ಮನೆಯ ಹುಡುಗರು ಅದನ್ನು ‘ಮುಳ್ಳು ಜಾಸ್ತಿ, ವಾಸನೆ’ ಎಂದು ದೂರ ತಳ್ಳುತ್ತಾರೆ. ಹಾಗೆ ಉಳಿದದ್ದೂ, ಬಲೆಗೆ ಸಿಕ್ಕ ಮರಿಗಳೂ ಎಲ್ಲಿ ಹೋಗುತ್ತವೆ ಗೊತ್ತೇ? ಬಹಳಷ್ಟು ಮೀನುಹುಡಿ ಮತ್ತು ಮೀನೆಣ್ಣೆಯ ಕಾರ್ಖಾನೆಗಳಿಗೆ. ಆ ಹುಡಿ ಸಾಕಿದ ಸಿಗಡಿಗೆ, ಕೋಳಿಗೆ ಆಹಾರವಾಗುತ್ತದೆ. ಆ ಸಿಗಡಿಯೇ ಗುರುಗ್ರಾಮದ ನಮ್ಮ ಡಬ್ಬಿಗೆ ಬರುವುದೂ ಉಂಟು. ಅಗ್ಗದ, ರುಚಿಯಾದ, ಎಣ್ಣೆಯಂಶದ ಒಳ್ಳೆಯ ಮೀನನ್ನು ಮನುಷ್ಯರು ಬಿಟ್ಟು ಸಿಗಡಿಗೆ ತಿನ್ನಿಸಿ, ಆ ಸಿಗಡಿಯನ್ನು ದುಬಾರಿ ಬೆಲೆಗೆ ನಾವು ತಿನ್ನುವುದು ಎಂಥ ಜಾಣತನ? ಬಂಗುಡೆ ಪುಳಿಮುಂಚಿಯನ್ನು ಒಮ್ಮೆ ನೀರುದೋಸೆಯ ಜೊತೆ ತಿಂದು ನೋಡಿ, ಪಾಂಫ್ರೆಟ್ಟಿನ ಮೋಹ ತಾನಾಗಿ ಇಳಿಯುತ್ತದೆ. ಮುಳ್ಳು ಬಿಡಿಸುವುದು ಎರಡು ಊಟದಲ್ಲಿ ಕೈಗೆ ಬರುವ ವಿದ್ಯೆ. ಅಜ್ಜಿಯ ಪಕ್ಕದಲ್ಲಿ ಕುಳಿತರೆ ಸಾಕು.

ಹಾಗೆಯೇ ಚಿಪ್ಪುಮೀನು. ಕುಮಟಾದ ಬಳಿಯ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು, ಗಂಡಸರು ಕೆಸರಿನಲ್ಲಿ ನಿಂತು ಕೈಯಿಂದಲೇ ಅದನ್ನು ಹೆಕ್ಕುತ್ತಾರೆ. ಅದಕ್ಕೆ ಡೀಸೆಲ್ ಬೇಡ, ದೊಡ್ಡ ಬಲೆ ಬೇಡ. 2024ರಲ್ಲಿ ಆ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಅಂಥ ಕಡೆ ನಿಂತು ಒಂದು ಪಾಲು ಚಿಪ್ಪು ಕೊಂಡರೆ ಹಣ ನೇರವಾಗಿ ಹೆಕ್ಕಿದ ಕೈಗೇ ಸೇರುತ್ತದೆ.

ಚೌಕಾಸಿಯ ಬಗ್ಗೆ ಒಂದು ಮಾತು. ಸಣ್ಣ ಮೀನನ್ನು ತಕ್ಕಡಿಗೆ ಹಾಕದೆ ‘ನೂರಕ್ಕೆ ಇಷ್ಟು’ ಎಂದು ಎಣಿಸಿ ಕೊಡುವುದು ವಾಡಿಕೆ. ಚೌಕಾಸಿ ಮಾಡಿ, ಅದೂ ಒಂದು ಮಾತುಕತೆಯೇ. ‘ಇನ್ನೊಂದು ಹಾಕಮ್ಮಾ’ ಎಂದರೆ ಸಾಮಾನ್ಯವಾಗಿ ಹಾಕುತ್ತಾರೆ. ಆದರೆ ಮಾಲ್‌ನಲ್ಲಿ ಬೆಲೆಯ ಚೀಟಿ ನೋಡಿ ಬಾಯ್ಮುಚ್ಚಿ ಹಣ ಕೊಡುವ ನಾವು, ಬೆಳಗಿನ ಜಾವ ಎದ್ದು ಬುಟ್ಟಿ ಹೊತ್ತವಳ ಹತ್ತಿರ ಹತ್ತು ರೂಪಾಯಿಗೆ ಜಗಳಾಡಬಾರದು. ಬಿಸಿಲೇರಿದಂತೆ ಐಸ್ ಕರಗುವುದು ಅವಳ ಬುಟ್ಟಿಯಲ್ಲಿ, ನಮ್ಮ ಪರ್ಸಿನಲ್ಲಲ್ಲ.

ಮುಂದಿನ ಸಲ ಊರಿಗೆ ಟಿಕೆಟ್ ಮಾಡಿಸುವ ಮೊದಲು ಅಜ್ಜಿಗೋ ಚಿಕ್ಕಮ್ಮನಿಗೋ ಫೋನ್ ಮಾಡಿ, ‘ಆಗ ಯಾವ ಮೀನು ಸಿಗುತ್ತದೆ?’ ಎಂದು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಕೇಳಿ. ಎರಡು ನಿಮಿಷದ ಫೋನು ಅರ್ಧ ಗಂಟೆ ಆಗದಿದ್ದರೆ ನನ್ನನ್ನು ಕೇಳಿ! ಸಂಘದ ಮುಂದಿನ ಸಭೆಗೆ ಬರುವಾಗ ನೀವು ಹೊಸದಾಗಿ ತಿಂದ ಒಂದು ಮೀನಿನ ಹೆಸರನ್ನು ನಮ್ಮೂರ ಮಾತಿನಲ್ಲೇ ಹೇಳಬೇಕು. ಪಾಂಫ್ರೆಟ್, ಸುರಮಾಯಿ, ಪ್ರಾನ್ಸ್ ಲೆಕ್ಕಕ್ಕಿಲ್ಲ.